114 ಡಿಗ್ರಿಯಲ್ಲಿ ಕರಗಿದ ಹಳದಿ ಹರಳು: ಅನಿಲೀನ್ ನೈಟ್ರೀಕರಣದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ನಡೆದದ್ದು ದಾವಣಗೆರೆಯ ಒಂದು ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ. ಕಾಲೇಜು, ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಗುರುತು ಸಿಗುವಂಥ ವಿವರಗಳನ್ನು ಇಲ್ಲಿ ಬಿಟ್ಟಿದೆ. ಪ್ರಯೋಗದ ಕ್ರಮವನ್ನೂ ತೀರ್ಮಾನಗಳು ತೆಗೆದುಕೊಂಡ ಅನುಕ್ರಮವನ್ನೂ ಬದಲಿಸಿಲ್ಲ, ಏಕೆಂದರೆ ಕಲಿಯಬೇಕಾದದ್ದು ಇರುವುದು ಆ ಅನುಕ್ರಮದಲ್ಲಿಯೇ.

ಅಂತಿಮ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಗಳ ಒಂದು ಗುಂಪು ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಪ್ರದರ್ಶನಕ್ಕೆ ಹತ್ತಿ ಬಟ್ಟೆಗೆ ಪ್ಯಾರಾ ರೆಡ್ ಎಂಬ ಕೆಂಪು ಬಣ್ಣ ಹಾಕಿ ತೋರಿಸುವ ಯೋಜನೆಯನ್ನು ಕೈಗೆತ್ತಿಕೊಂಡಿತ್ತು. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿ ಈ ವಿಷಯವನ್ನು ಆರಿಸಿಕೊಂಡದ್ದು ಸಹಜವೇ ಆಗಿತ್ತು. ಗುಂಪಿನ ಒಬ್ಬ ವಿದ್ಯಾರ್ಥಿನಿಯ ಅಜ್ಜ ಗಿರಣಿಯೊಂದರಲ್ಲಿ ದುಡಿದವರು. ವಿಧಾನ ಹಳೆಯದು. ಬಟ್ಟೆಯನ್ನು ಬೀಟಾ ನ್ಯಾಫ್ತಾಲ್‌ನ ಕ್ಷಾರ ದ್ರಾವಣದಲ್ಲಿ ನೆನೆಸಿ, ಹಿಂಡಿ, ಒಣಗಿಸಿ, ಆಮೇಲೆ ಪ್ಯಾರಾ ನೈಟ್ರೋಅನಿಲೀನ್‌ನಿಂದ ಮಾಡಿದ ಡಯಾಜೋನಿಯಂ ಲವಣದ (ಅಮೈನೋ ಗುಂಪಿನಿಂದ ತಯಾರಾಗಿ ನ್ಯಾಫ್ತಾಲ್ ಜೊತೆ ಸೇರಿ ಬಣ್ಣ ಕೊಡುವ ಲವಣ) ತಣ್ಣನೆಯ ದ್ರಾವಣಕ್ಕೆ ಅದ್ದಿದರೆ, ಬಣ್ಣವು ನೂಲಿನ ಎಳೆಯೊಳಗೇ ಹುಟ್ಟಿ ಅಲ್ಲಿಯೇ ಉಳಿಯುತ್ತದೆ. ನೀರಿನಲ್ಲಿ ಕರಗದ ಬಣ್ಣವಾದ್ದರಿಂದ ಒಗೆದರೂ ಹೋಗುವುದಿಲ್ಲ.

ಪ್ಯಾರಾ ನೈಟ್ರೋಅನಿಲೀನ್ ಅನ್ನು ಅಂಗಡಿಯಿಂದ ತರದೆ, ಬೆಂಜೀನ್ ಉಂಗುರಕ್ಕೆ ಅಮೈನೋ ಗುಂಪು ಸೇರಿದ ದ್ರವವಾದ ಅನಿಲೀನ್‌ನಿಂದಲೇ ತಯಾರಿಸಬೇಕೆಂಬುದು ಯೋಜನೆಯ ಷರತ್ತು. ಪಠ್ಯದಲ್ಲಿರುವ ದಾರಿ ಮೂರು ಹಂತದ್ದು: ಅನಿಲೀನ್‌ನ ಅಮೈನೋ ಗುಂಪಿಗೆ ಅಸಿಟೈಲ್ ಹೊದಿಕೆ ಹಾಕಿ ಅಸಿಟನಿಲೈಡ್ ಮಾಡುವುದು, ಅದನ್ನು ನೈಟ್ರೀಕರಿಸುವುದು (ಅಂದರೆ ಉಂಗುರಕ್ಕೆ ನೈಟ್ರೋ ಗುಂಪು ಸೇರಿಸುವುದು), ಕೊನೆಗೆ ಜಲವಿಭಜನೆಯಿಂದ ಹೊದಿಕೆಯನ್ನು ತೆಗೆಯುವುದು. ಮೊದಲ ಹಂತಕ್ಕೆ ಬೇಕಾದ ಅಸಿಟಿಕ್ ಅನ್‌ಹೈಡ್ರೈಡ್‌ನ ಬಾಟಲಿ ಆ ವರ್ಷ ತಳ ಕಂಡಿತ್ತು. ಹೆರಾಯಿನ್ ತಯಾರಿಕೆಗೆ ದುರ್ಬಳಕೆಯಾಗುವ ವಸ್ತುವಾದ್ದರಿಂದ ನಮ್ಮ ದೇಶದಲ್ಲಿ ಅದು ಮಾದಕವಸ್ತು ಕಾನೂನಿನಡಿ ನಿಯಂತ್ರಣಕ್ಕೆ ಒಳಪಟ್ಟಿದೆ. ಇಂಡೆಂಟ್ (ಬೇಡಿಕೆ ಪತ್ರ) ಬರೆದ ಮಾತ್ರಕ್ಕೆ ಬೇರೆ ದ್ರಾವಕಗಳಂತೆ ಮರುವಾರ ಬಂದು ನಿಲ್ಲುವುದಿಲ್ಲ.

ಗುಂಪಿನ ತರ್ಕ

ಮೊದಲ ತಿರುವು ಇಲ್ಲಿದೆ. ವಿದ್ಯಾರ್ಥಿಗಳು ಸೋಮಾರಿತನದಿಂದ ಅಡ್ಡದಾರಿ ಹಿಡಿದರೆಂದು ಓದುಗರು ಭಾವಿಸಬಾರದು. ಅವರು ಮೇಲ್ವಿಚಾರಕ ಅಧ್ಯಾಪಕಿಯ ಮುಂದಿಟ್ಟ ವಾದದಲ್ಲಿ ಹುರುಳಿತ್ತು.

ಅಮೈನೋ ಗುಂಪು ತನ್ನ ನೈಟ್ರೋಜನ್ ಮೇಲಿನ ಒಂಟಿ ಜೋಡಿ (ಬಂಧದಲ್ಲಿ ತೊಡಗದ) ಎಲೆಕ್ಟ್ರಾನ್‌ಗಳನ್ನು ಬೆಂಜೀನ್ ಉಂಗುರಕ್ಕೆ ಒದಗಿಸುತ್ತದೆ. ಅದರಿಂದ ಆರ್ಥೋ (ಆ ಗುಂಪಿನ ಪಕ್ಕದ) ಮತ್ತು ಪ್ಯಾರಾ (ಅದಕ್ಕೆ ನೇರ ಎದುರಿನ) ಸ್ಥಾನಗಳಲ್ಲಿ ಎಲೆಕ್ಟ್ರಾನ್ ಸಾಂದ್ರತೆ ಹೆಚ್ಚುತ್ತದೆ. ಹೀಗಾಗಿ ಹೊಸದಾಗಿ ಬರುವ ಗುಂಪು ಆ ಸ್ಥಾನಗಳಿಗೇ ಹೋಗಿ ಸೇರುತ್ತದೆ. ಇದು ಪಿಯುಸಿಯಿಂದಲೂ ಓದಿಕೊಂಡು ಬಂದ ಸಂಗತಿ. ಹಾಗಿದ್ದ ಮೇಲೆ ಅಸಿಟೈಲ್ ಹೊದಿಕೆ ಏಕೆ ಬೇಕು? ಪುಸ್ತಕದಲ್ಲಿ ಕಾರಣವಾಗಿ ಕೊಟ್ಟಿರುವ ಉದಾಹರಣೆ ಬ್ರೋಮಿನ್‌ನದು: ಅನಿಲೀನ್‌ಗೆ ಬ್ರೋಮಿನ್ ನೀರು ಸೇರಿಸಿದರೆ ಒಂದರಲ್ಲಿ ನಿಲ್ಲದೆ ಮೂರೂ ಸ್ಥಾನಗಳಲ್ಲಿ ಬ್ರೋಮಿನ್ ಕುಳಿತು 2,4,6-ಟ್ರೈಬ್ರೋಮೋಅನಿಲೀನ್‌ನ ಬಿಳಿ ಒತ್ತರ ಬರುತ್ತದೆ. ಆದರೆ ನೈಟ್ರೋ ಗುಂಪು ಬ್ರೋಮಿನ್‌ನಂತಲ್ಲ. ಅದು ಉಂಗುರದಿಂದ ಎಲೆಕ್ಟ್ರಾನ್‌ಗಳನ್ನು ಬಲವಾಗಿ ಎಳೆದುಕೊಳ್ಳುವುದರಿಂದ, ಒಂದು ನೈಟ್ರೋ ಗುಂಪು ಸೇರಿದ ಮೇಲೆ ಉಂಗುರವೇ ಮಂಕಾಗಿ ಎರಡನೆಯದಕ್ಕೆ ಅಷ್ಟು ಸುಲಭವಾಗಿ ಎಡೆ ಕೊಡುವುದಿಲ್ಲ. ಆದ್ದರಿಂದ ಬ್ರೋಮೀಕರಣಕ್ಕೆ ಬೇಕಾದ ರಕ್ಷಣೆ ನೈಟ್ರೀಕರಣಕ್ಕೆ ಬೇಡ. ತಣ್ಣಗೆ ಇಟ್ಟುಕೊಂಡು ಅನಿಲೀನ್ ಅನ್ನೇ ನೇರವಾಗಿ ನೈಟ್ರೀಕರಿಸಿದರೆ ಎರಡು ಹಂತಗಳ ಉಳಿತಾಯವಾಗುತ್ತದೆ.

ವಾದದ ಪ್ರತಿ ವಾಕ್ಯವೂ ತನ್ನಷ್ಟಕ್ಕೆ ಸರಿ. ತಪ್ಪಿದ್ದದ್ದು, ಫ್ಲಾಸ್ಕಿನೊಳಗೆ ಇರುವುದು ಅಮೈನೋ ಗುಂಪೇ ಎಂಬ ಹೇಳದೇ ಉಳಿದ ಗ್ರಹಿಕೆಯಲ್ಲಿ.

ಅಧ್ಯಾಪಕಿ ಈ ಕೊರತೆಯನ್ನು ಕೂಡಲೇ ಕಂಡರೂ ಬಾಯಿ ಬಿಡಲಿಲ್ಲ. 2 ಮಿಲಿಲೀಟರ್‌ಗಿಂತ ಹೆಚ್ಚು ಅನಿಲೀನ್ ಬಳಸಬಾರದು, ತಾಪಮಾನ 5 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಹೊಗೆಗೂಡಿನೊಳಗೇ ಕೆಲಸ ನಡೆಯಬೇಕು, ತಾವು ಪಕ್ಕದಲ್ಲಿ ಇರುವಾಗ ಮಾತ್ರ ಆಮ್ಲ ಹಾಕಬೇಕು ಎಂಬ ಷರತ್ತುಗಳೊಂದಿಗೆ ಒಪ್ಪಿಗೆ ಕೊಟ್ಟರು. ಈ ಒಪ್ಪಿಗೆ ಸರಿಯೇ ಎಂಬ ಬಗ್ಗೆ ವಿಭಾಗದಲ್ಲಿ ಒಮ್ಮತವಿರಲಿಲ್ಲ. ನೈಟ್ರಿಕ್ ಆಮ್ಲವು ಅನಿಲೀನ್ ಅನ್ನು ಉತ್ಕರ್ಷಿಸಿ ಶಾಖ ಹೊಮ್ಮಿಸುತ್ತದೆ. ದೊಡ್ಡ ಪ್ರಮಾಣದಲ್ಲಿ ಇದು ಆಟವಲ್ಲ. ನನ್ನ ಅಭಿಪ್ರಾಯದಲ್ಲಿ, ಪ್ರಮಾಣವನ್ನು ಇಷ್ಟು ಕಡಿಮೆ ಇಟ್ಟು, ಪಕ್ಕದಲ್ಲೇ ನಿಂತು, ವಿದ್ಯಾರ್ಥಿಗಳ ತರ್ಕವನ್ನು ಪರೀಕ್ಷೆಗೆ ಒಡ್ಡಲು ಬಿಟ್ಟದ್ದು ಸಮರ್ಥನೀಯ. ‘ಪುಸ್ತಕದಲ್ಲಿ ಹೀಗಿದೆ, ಹಾಗೇ ಮಾಡಿ’ ಎಂದಿದ್ದರೆ ಪ್ರದರ್ಶನ ಚೆನ್ನಾಗಿ ಆಗುತ್ತಿತ್ತು, ಮುಂದಿನದೇನೂ ನಡೆಯುತ್ತಿರಲಿಲ್ಲ.

ಪ್ರಯೋಗ ಮತ್ತು ಸಮಸ್ಯೆ

ಹಳೆಯ ಅನಿಲೀನ್ ಗಾಳಿ ತಗುಲಿ ಕಂದು ಬಣ್ಣಕ್ಕೆ ತಿರುಗಿದ್ದರಿಂದ, ಚಿಟಿಕೆ ಸತುವಿನ ಪುಡಿ ಹಾಕಿ ಬಟ್ಟಿ ಇಳಿಸಿ ತಿಳಿಯಾಗಿಸಿಕೊಂಡರು. ಐಸ್ ಕ್ಯಾಂಡಿ ಕಾರ್ಖಾನೆಯಿಂದ ತಂದ ಮಂಜುಗಡ್ಡೆಯನ್ನು ಗೋಣಿಚೀಲದಲ್ಲಿ ಕಟ್ಟಿ ಕುಟ್ಟಿ, ಉಪ್ಪು ಬೆರೆಸಿ, ಅದರ ನಡುವೆ ಕೋನಿಕಲ್ ಫ್ಲಾಸ್ಕ್ ಇಟ್ಟು ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ತಣಿಸಿದರು. ಅನಿಲೀನ್‌ನ ಒಂದೊಂದು ಹನಿ ಬಿದ್ದಾಗಲೂ ಚುರ್ರೆಂಬ ಸದ್ದಿನೊಂದಿಗೆ ಬಿಳಿಯ ಗಟ್ಟಿ ಉಂಡೆಗಳು ಕಟ್ಟಿಕೊಂಡವು. ಗಾಜಿನ ಕಡ್ಡಿಯಿಂದ ಅವುಗಳನ್ನು ಒಡೆದು ಕರಗಿಸುವುದಕ್ಕೇ ಬಹಳ ಹೊತ್ತು ಹಿಡಿಯಿತು. ರೆಕಾರ್ಡಿನಲ್ಲಿ ಈ ಹಂತಕ್ಕೆ ಇರುವ ಬರಹ ಒಂದೇ ಸಾಲಿನದು: ‘ಬಿಳಿ ಘನವಸ್ತು ಉಂಟಾಯಿತು, ಕಲಕಿದಾಗ ಕರಗಿತು.’ ಆ ಸಾಲಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣವನ್ನು ಹನಿಹನಿಯಾಗಿ ಸೇರಿಸುತ್ತ ಹೋದಂತೆ ಫ್ಲಾಸ್ಕಿನ ಬಣ್ಣ ಹಳದಿಯಿಂದ ಕಡು ಕಂದಿಗೆ ಇಳಿಯಿತು. ಕುಟ್ಟಿದ ಮಂಜಿನ ಮೇಲೆ ಸುರಿದು ಸೋಡಾ ದ್ರಾವಣದಿಂದ ನಿಧಾನವಾಗಿ ಆಮ್ಲವನ್ನು ಇಳಿಸತೊಡಗಿದಾಗ, ಮೊದಲು ಟಾರಿನಂಥ ಕಪ್ಪು ಅಂಟಿನ ಜೊತೆ ಕೊಳಕು ಕಂದು ಬಣ್ಣದ ಒತ್ತರ ಬಿತ್ತು. ಪಿಎಚ್ ಕಾಗದ ಆಗ 1 ಮತ್ತು 2ರ ನಡುವೆ ತೋರಿಸುತ್ತಿತ್ತು. ಇದು ಉತ್ಕರ್ಷಣೆಯ ಕೊಳೆ ಎಂದು ತೀರ್ಮಾನಿಸಿದ ಗುಂಪು ಅದನ್ನು ಸೋಸಿ ಬದಿಗಿಟ್ಟಿತು. ಸೋಸಿದ ದ್ರವಕ್ಕೆ ಮತ್ತಷ್ಟು ಸೋಡಾ ಹಾಕಿ ಆಮ್ಲ ಪೂರ್ತಿ ಇಳಿಯುವ ಹೊತ್ತಿಗೆ ಶುಭ್ರವಾದ ಹಳದಿ ಒತ್ತರ ಸಿಕ್ಕಿತು. ಬಿಸಿ ನೀರಿನಲ್ಲಿ ಕರಗಿಸಿ ಆರಲು ಬಿಟ್ಟಾಗ ಅದು ಸೂಜಿಯಂಥ ಅಂದವಾದ ಹರಳಾಗಿ ಇಳಿಯಿತು.

ಈ ಹರಳನ್ನೇ ಪ್ಯಾರಾ ನೈಟ್ರೋಅನಿಲೀನ್ ಎಂದು ಚೀಟಿ ಅಂಟಿಸಿ ಬಣ್ಣದ ಪ್ರಯೋಗಕ್ಕೆ ಬಳಸಿದರು. ಸಾರರಿಕ್ತ (ನೀರು ಬೆರೆಸಿದ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಸಲೀಸಾಗಿ ಕರಗಿತು, ಡಯಾಜೋನಿಯಂ ದ್ರಾವಣವೂ ತೊಡಕಿಲ್ಲದೆ ಆಯಿತು. ಆದರೆ ಬಟ್ಟೆಯ ಮೇಲೆ ಬಂದದ್ದು ಕೆಂಪಲ್ಲ, ಕಿತ್ತಳೆ. ಬಟ್ಟೆ ಸರಿಯಾಗಿ ಒಣಗಿರಲಿಲ್ಲವೆಂದು ಒಬ್ಬರು, ನ್ಯಾಫ್ತಾಲ್ ಹಳೆಯದೆಂದು ಇನ್ನೊಬ್ಬರು ಕಾರಣ ಹೇಳಿದರು. ಹೊಸ ನ್ಯಾಫ್ತಾಲ್ ಹಾಕಿದಾಗಲೂ ಕಿತ್ತಳೆಯೇ ಬಂತು. ಆಗ ಹೊಳೆದದ್ದು, ಹರಳಿನ ಕರಗುವ ಬಿಂದುವನ್ನು ಯಾರೂ ನೋಡಿಯೇ ಇಲ್ಲವೆಂದು. ನೋಡಿದರೆ ಅದು 112ರಿಂದ 114 ಡಿಗ್ರಿ. ಪ್ಯಾರಾ ನೈಟ್ರೋಅನಿಲೀನ್ ಕರಗಬೇಕಾದದ್ದು 147–148 ಡಿಗ್ರಿಯಲ್ಲಿ.

ಎರಡನೆಯ ತಿರುವು: ಅಸಿಟನಿಲೈಡೇ?

ಕಲ್ಮಷವಿದ್ದರೆ ಕರಗುವ ಬಿಂದು ಇಳಿಯುತ್ತದೆಂಬುದು ಎಲ್ಲರಿಗೂ ಗೊತ್ತಿದ್ದರಿಂದ ಮೊದಲು ಹೊಳೆದ ಉಪಾಯ ಮತ್ತೊಮ್ಮೆ ಹರಳುಗಟ್ಟಿಸುವುದು. ಅಂಕಿ ಕದಲಲಿಲ್ಲ. ಕಲ್ಮಷದಿಂದ ಬಿಂದು ಇಳಿದಿದ್ದರೆ ಅದು ಅಗಲವಾದ ವ್ಯಾಪ್ತಿಯಲ್ಲಿ ಕರಗಬೇಕಿತ್ತು. ಇದೋ ಎರಡೇ ಡಿಗ್ರಿಯೊಳಗೆ ಚೊಕ್ಕವಾಗಿ ಕರಗುತ್ತಿತ್ತು. ಅಂದರೆ ಕೈಯಲ್ಲಿರುವುದು ಹಾಳಾದ ಪ್ಯಾರಾ ನೈಟ್ರೋಅನಿಲೀನ್ ಅಲ್ಲ, ಬೇರೆಯೇ ಒಂದು ಶುದ್ಧ ವಸ್ತು.

“ಮೇಡಂ, 114 ಅಂದ್ರೆ ಅಸಿಟನಿಲೈಡ್ ಅಲ್ವಾ?” ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಎರಡನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಅಸಿಟನಿಲೈಡ್ ತಯಾರಿಸಿ ಆ ಅಂಕಿಯನ್ನು ಬಾಯಿಪಾಠ ಮಾಡಿರುತ್ತಾರೆ. ಅನ್‌ಹೈಡ್ರೈಡ್ ಬಳಸದಿದ್ದಾಗ ಅದು ಬಂದದ್ದಾದರೂ ಎಲ್ಲಿಂದ ಎಂಬ ಪ್ರಶ್ನೆಗೆ, ಗಾಜಿನ ಸಾಮಾನಿನಲ್ಲಿ ಹಿಂದಿನ ತಂಡದ ವಸ್ತು ಉಳಿದಿರಬಹುದು ಎಂಬ ಊಹೆಯೂ ಹೊರಟಿತು. ಹಳದಿ ಬಣ್ಣ ಮಾತ್ರ ಹೊಂದುತ್ತಿರಲಿಲ್ಲ, ಅಸಿಟನಿಲೈಡ್ ಬಿಳಿ. ಅದನ್ನು ಕಲ್ಮಷದ ಲೆಕ್ಕಕ್ಕೆ ಹಾಕಿ ಗುಂಪು ಮುಂದೆ ಹೋಗಲು ಸಿದ್ಧವಾಗಿತ್ತು.

ಇಲ್ಲಿ ಅಧ್ಯಾಪಕಿ ಮೊದಲ ಬಾರಿಗೆ ಮಧ್ಯೆ ಪ್ರವೇಶಿಸಿದರು. ಉತ್ತರ ಹೇಳಲಿಲ್ಲ, ಊಹೆ ನಿಜವೇ ಆಗಿದ್ದರೆ ಏನೇನು ಕಾಣಬೇಕು, ಸುಳ್ಳಾಗಿದ್ದರೆ ಏನು ಕಾಣಬೇಕು ಎಂದು ಎರಡು ಕಾಲಂಗಳಲ್ಲಿ ಬರೆದ ಮೇಲೆಯೇ ಮುಂದಿನ ಪರೀಕ್ಷೆ ಎಂದರು. ಪ್ರಕರಣದ ದಿಕ್ಕು ಬದಲಾದದ್ದು ಈ ಸೂಚನೆಯಿಂದ.

ವಿಭಾಗದಲ್ಲಿದ್ದ ನಿಜವಾದ ಅಸಿಟನಿಲೈಡ್ ಜೊತೆ ಹಳದಿ ಹರಳನ್ನು ಸಮಪಾಲು ಅರೆದು ಕರಗುವ ಬಿಂದು ನೋಡಿದರು. ಎರಡೂ ಒಂದೇ ವಸ್ತುವಾಗಿದ್ದರೆ ಮಿಶ್ರಣವೂ 114ರಲ್ಲೇ ಕರಗಬೇಕು. ಮಿಶ್ರಣವು ಅದಕ್ಕಿಂತ ಬಹಳ ಮೊದಲೇ ಕ್ಯಾಪಿಲರಿಯೊಳಗೆ (ಕೂದಲೆಳೆಯಂಥ ಗಾಜಿನ ನಳಿಕೆ) ಒದ್ದೆಯಾಗಿ ಕುಸಿಯತೊಡಗಿತು. ಬಿಡಿಯಾಗಿ ಒಂದೇ ಅಂಕಿಯಲ್ಲಿ ಕರಗುವ ಎರಡು ಪುಡಿಗಳು ಬೆರೆತಾಗ ಬೇಗ ಕರಗಿದ್ದನ್ನು ಕಣ್ಣಾರೆ ಕಂಡದ್ದು, ಕರಗುವ ಬಿಂದುವಿನ ಕುರಿತ ಯಾವ ಉಪನ್ಯಾಸಕ್ಕಿಂತಲೂ ಹೆಚ್ಚು ಕೆಲಸ ಮಾಡಿತು.

ಎರಡನೆಯ ಪರೀಕ್ಷೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ್ದು. ಅಸಿಟನಿಲೈಡ್ ಅಮೈಡ್ ಆದ್ದರಿಂದ, ಅದರ ನೈಟ್ರೋಜನ್‌ನ ಒಂಟಿ ಜೋಡಿಯನ್ನು ಪಕ್ಕದ ಕಾರ್ಬೊನಿಲ್ ಗುಂಪು ತನ್ನ ಕಡೆ ಎಳೆದುಕೊಂಡಿರುತ್ತದೆ. ಅದು ಪ್ರತ್ಯಾಮ್ಲವಾಗಿ ವರ್ತಿಸದೆ ತಣ್ಣನೆಯ ಸಾರರಿಕ್ತ ಆಮ್ಲದಲ್ಲಿ ಹಾಗೇ ಕೂತಿರುತ್ತದೆ. ಹಳದಿ ಹರಳು ಕರಗಿತು, ಕರಗುತ್ತಲೇ ಅದರ ಹಳದಿಯೂ ಬಹುಮಟ್ಟಿಗೆ ಮಾಯವಾಯಿತು. ಸೋಡಾ ಹಾಕಿದಾಗ ಹಳದಿ ಮರಳಿ ಬಂತು. ನೈಟ್ರೋಅನಿಲೀನ್‌ಗಳ ಬಣ್ಣಕ್ಕೆ ಕಾರಣ ಅಮೈನೋ ಗುಂಪಿನ ಒಂಟಿ ಜೋಡಿಯು ಉಂಗುರದ ಮೂಲಕ ನೈಟ್ರೋ ಗುಂಪಿನತ್ತ ವಾಲುವುದು. ಪ್ರೋಟಾನ್ (ಆಮ್ಲ ಕೊಡುವ ಹೈಡ್ರೋಜನ್ ಅಯಾನು) ಬಂದು ಆ ಜೋಡಿಯನ್ನು ಹಿಡಿದುಕೊಂಡರೆ ಕೊಡುವುದಕ್ಕೆ ಏನೂ ಉಳಿಯುವುದಿಲ್ಲ, ಬಣ್ಣವೂ ಹೋಗುತ್ತದೆ. ಹೀಗಾಗಿ ಹರಳಿನಲ್ಲಿ ತೆರೆದ ಅಮೈನೋ ಗುಂಪು ಇರುವುದು ಖಚಿತವಾಯಿತು. ನ್ಯಾಫ್ತಾಲ್ ಜೊತೆ ಅದು ಬಣ್ಣ ಕೊಟ್ಟಿದ್ದೇ ಇದಕ್ಕೆ ಮೊದಲ ಸಾಕ್ಷಿಯಾಗಿತ್ತೆಂಬುದು, ಕಾಲಂ ತುಂಬಿಸುವಾಗ ಅವರಿಗೆ ತಾವಾಗಿಯೇ ತಿಳಿಯಿತು. ಹೊದಿಕೆ ಇರುವ ಅಸಿಟನಿಲೈಡ್ ಡಯಾಜೋನಿಯಂ ಲವಣವನ್ನೇ ಕೊಡುವುದಿಲ್ಲ.

ಅಂಕಿಗಳ ಕೋಷ್ಟಕ ತೆರೆದಾಗ ಗುಟ್ಟು ಬಯಲಾಯಿತು. ಆರ್ಥೋ ನೈಟ್ರೋಅನಿಲೀನ್ ಸುಮಾರು 71 ಡಿಗ್ರಿಯಲ್ಲಿ, ಪ್ಯಾರಾ 147ರಲ್ಲಿ, ಮೆಟಾ (ನೈಟ್ರೋ ಗುಂಪು ಅಮೈನೋ ಗುಂಪಿನಿಂದ ಒಂದು ಸ್ಥಾನ ಬಿಟ್ಟು ಕೂತದ್ದು) 114ರಲ್ಲಿ ಕರಗುತ್ತವೆ. ಅಸಿಟನಿಲೈಡ್ ಮತ್ತು ಮೆಟಾ ನೈಟ್ರೋಅನಿಲೀನ್ ಒಂದೇ ಅಂಕಿ ಹಂಚಿಕೊಂಡಿರುವುದು ಬರಿಯ ಕಾಕತಾಳೀಯ. ಬಟ್ಟೆಯ ಕಿತ್ತಳೆ ಬಣ್ಣವೂ ಮೆಟಾ ನೈಟ್ರೋಅನಿಲೀನ್‌ಗೇ ಹೊಂದಿತು.

ಮೆಟಾ ಎಲ್ಲಿಂದ ಬಂತು?

ಅಮೈನೋ ಗುಂಪು ಆರ್ಥೋ–ಪ್ಯಾರಾ ದಾರಿ ತೋರುವಂಥದು, ಸಿಕ್ಕಿದ್ದು ಮೆಟಾ. ವಿದ್ಯಾರ್ಥಿಗಳ ನಂಬಿಕೆ ಬಿದ್ದದ್ದು ಇಲ್ಲಿ, ಎದ್ದದ್ದೂ ಇಲ್ಲಿಯೇ. ಅಧ್ಯಾಪಕಿ ರೆಕಾರ್ಡ್ ತರಿಸಿ, ಆ ಒಂದು ಸಾಲಿನ ಕೆಳಗೆ ಗೆರೆ ಎಳೆದು, ಬಿಳಿ ಘನವಸ್ತು ಯಾವುದೆಂದು ಕೇಳಿದರು.

ಅದು ಅನಿಲೀನ್‌ನ ಸಲ್ಫೇಟ್ ಲವಣ. ಆಮ್ಲಕ್ಕೆ ಬಿದ್ದ ಕ್ಷಣವೇ ಅನಿಲೀನ್‌ನ ನೈಟ್ರೋಜನ್ ಪ್ರೋಟಾನ್ ಹಿಡಿದು ಅನಿಲಿನಿಯಂ ಅಯಾನು ಆಗಿತ್ತು. ಪ್ರೋಟಾನ್ ಹಿಡಿದ ನೈಟ್ರೋಜನ್‌ನಲ್ಲಿ ಉಂಗುರಕ್ಕೆ ಕೊಡಲು ಒಂಟಿ ಜೋಡಿ ಇಲ್ಲ. ಮೇಲಾಗಿ ಧನ ಆವೇಶ ಹೊತ್ತಿರುವುದರಿಂದ ಅದು ಉಂಗುರದಿಂದ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆಯುತ್ತದೆ. ಕೊಡುತ್ತಿದ್ದ ಗುಂಪು ಕೀಳುವ ಗುಂಪಾಗಿ ಬದಲಾದಾಗ ದಾರಿಯೂ ಮೆಟಾ ಕಡೆಗೆ ತಿರುಗುತ್ತದೆ. ಅನಿಲೀನ್ ಅನ್ನು ನೇರವಾಗಿ ಮಿಶ್ರ ಆಮ್ಲದಿಂದ ನೈಟ್ರೀಕರಿಸಿದಾಗ ಪ್ಯಾರಾ 51, ಮೆಟಾ 47, ಆರ್ಥೋ 2 ಪ್ರತಿಶತ ಬರುತ್ತದೆಂಬ ಲೆಕ್ಕ ಹನ್ನೆರಡನೆಯ ತರಗತಿಯ ಪುಸ್ತಕದಲ್ಲಿಯೇ ಇದೆ. ಗುಂಪಿನ ಎಲ್ಲರೂ ಅದನ್ನು ಓದಿದ್ದವರೇ.

ಅನಿಲೀನ್ ದುರ್ಬಲ ಪ್ರತ್ಯಾಮ್ಲ, ಅದು ಅಷ್ಟು ಸುಲಭವಾಗಿ ಪ್ರೋಟಾನ್ ಹಿಡಿಯಲಾರದು ಎಂದು ಒಬ್ಬ ವಿದ್ಯಾರ್ಥಿನಿ ಪಟ್ಟು ಹಿಡಿದಳು. ಅವಳ ಆಕ್ಷೇಪಕ್ಕೂ ಆಧಾರವಿತ್ತು. ಅಮೋನಿಯಾದ ಪಿಕೆಬಿ (ಪ್ರತ್ಯಾಮ್ಲದ ಬಲದ ಅಳತೆ, ಅಂಕಿ ಹೆಚ್ಚಿದಷ್ಟೂ ದುರ್ಬಲ) 4.75, ಮೀಥೈಲ್ ಅಮೈನ್‌ನದು 3.38, ಅನಿಲೀನ್‌ನದು 9.38, ಅಂದರೆ ಮೀಥೈಲ್ ಅಮೈನ್‌ನೆದುರು ಅನಿಲೀನ್ ಹತ್ತು ಲಕ್ಷ ಪಟ್ಟು ದುರ್ಬಲ. ಒಂಟಿ ಜೋಡಿ ಉಂಗುರದ ಅನುರಣನದಲ್ಲಿ (ಎಲೆಕ್ಟ್ರಾನ್‌ಗಳು ಉಂಗುರದುದ್ದಕ್ಕೂ ಹರಡಿಕೊಳ್ಳುವುದು) ಪಾಲು ಹಂಚಿಕೊಂಡಿರುವುದೇ ಇದಕ್ಕೆ ಕಾರಣ. ಆದರೆ ದುರ್ಬಲ ಎಂಬುದು ಯಾವುದರ ಎದುರಿಗೆ ಎಂಬ ಪ್ರಶ್ನೆ ಬಾಕಿ ಇತ್ತು. ಬೋರ್ಡಿನ ಮೇಲೆ ಲೆಕ್ಕ ಹಾಕಿಸಿದರು: ಅನಿಲಿನಿಯಂನ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟಿರುವ ಪಿಎಚ್) 4.6, ಪಿಎಚ್ 0 ಇರುವ ದ್ರಾವಣದಲ್ಲಿಯೇ ಮುಕ್ತ ಅನಿಲೀನ್ ಉಳಿಯುವುದು ಸುಮಾರು 40,000ಕ್ಕೆ ಒಂದು ಅಣು. ಸಾಂದ್ರ ಸಲ್ಫ್ಯೂರಿಕ್ ಆಮ್ಲದ ಬಲ ಪಿಎಚ್ ಅಳತೆಗೆ ಸಿಗದಷ್ಟು ಹೆಚ್ಚು. ಅಲ್ಲಿ ಮುಕ್ತ ಅನಿಲೀನ್ ಎಂಬುದು ಹೆಸರಿಗೆ ಮಾತ್ರ.

ಬದಲಿ ಗುಂಪಿನ ಪರಿಣಾಮವನ್ನು ಒಂದು ಅಧ್ಯಾಯದಲ್ಲಿಯೂ ಅಮೈನ್‌ಗಳ ಪ್ರತ್ಯಾಮ್ಲೀಯತೆಯನ್ನು ಇನ್ನೊಂದರಲ್ಲಿಯೂ ಓದುವ ಕ್ರಮದ ದೋಷ ಈ ಪ್ರಕರಣದಲ್ಲಿ ಎದ್ದು ಕಾಣುತ್ತದೆ. ಎರಡನೆಯದನ್ನು ತಿಳಿಯದೆ ಮೊದಲನೆಯದನ್ನು ಬಳಸಲು ಬರುವುದಿಲ್ಲ, ಏಕೆಂದರೆ ಫ್ಲಾಸ್ಕಿನಲ್ಲಿ ಯಾವ ಗುಂಪು ಇದೆ ಎಂಬುದನ್ನು ಮಾಧ್ಯಮ ನಿರ್ಧರಿಸುತ್ತದೆ, ನಾವು ಕಾಗದದ ಮೇಲೆ ಬರೆದ ರಚನೆಯಲ್ಲ.

ಕಳೆದುಹೋದ ಪ್ಯಾರಾ

ಪುಸ್ತಕದ ಲೆಕ್ಕದಂತೆ ಅರ್ಧದಷ್ಟಾದರೂ ಪ್ಯಾರಾ ಇರಬೇಕಿತ್ತು. ಸಿಕ್ಕ ಹರಳು ಹೆಚ್ಚುಕಡಿಮೆ ಶುದ್ಧ ಮೆಟಾ. ಮಿಕ್ಕದ್ದು ಎಲ್ಲಿ ಹೋಯಿತು?

ಆ ಪ್ರಯೋಗಾಲಯದ ಅಟೆಂಡರ್‌ಗೆ ಒಂದು ರೂಢಿಯಿತ್ತು: ರೆಕಾರ್ಡಿಗೆ ಸಹಿ ಬೀಳುವ ತನಕ ಯಾವ ಸೋಸು ಕಾಗದವನ್ನೂ ಕಸದ ಡ್ರಮ್ಮಿಗೆ ಹಾಕದೆ, ತಂಡದ ಸಂಖ್ಯೆ ಬರೆದು ಗಡಿಯಾರ ಗಾಜಿನ ಮೇಲೆ ಒಣಗಿಸಿ ಇಡುವುದು. “ಸಹಿ ಆಗೋ ತನಕ ನಾನು ಏನೂ ಚೆಲ್ಲಲ್ರೀ” ಎನ್ನುತ್ತ ಅವರು ಆ ಕಂದು ಕಾಗದವನ್ನು ಕಪಾಟಿನಿಂದ ತೆಗೆದುಕೊಟ್ಟರು. ಈ ರೂಢಿ ಇಲ್ಲದಿದ್ದರೆ ಪ್ರಕರಣ ಅರ್ಧಕ್ಕೇ ನಿಲ್ಲುತ್ತಿತ್ತು.

ಅದರ ಚೂರನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಸಿಲಿಕಾ ಹಾಳೆಯ ಮೇಲೆ ತೆಳುಪದರ ಕ್ರೊಮ್ಯಾಟೋಗ್ರಫಿ (ವಸ್ತುಗಳು ಹಾಳೆಯ ಮೇಲೆ ಬೇರೆ ಬೇರೆ ಎತ್ತರಕ್ಕೆ ಏರಿ ಬೇರ್ಪಡುವ ಪರೀಕ್ಷೆ) ಮಾಡಿದಾಗ, ಅಯೋಡಿನ್ ಆವಿಯ ಹಂಗಿಲ್ಲದೆ ಬರಿಗಣ್ಣಿಗೇ ಹಳದಿ ಚುಕ್ಕೆಗಳು ಕಂಡವು. ಎಲ್ಲಕ್ಕಿಂತ ಮೇಲೆ ಓಡಿದ್ದು ಮಸುಕಾದ ಆರ್ಥೋ. ಅದರ ಅಮೈನೋ ಮತ್ತು ನೈಟ್ರೋ ಗುಂಪುಗಳು ಅಕ್ಕಪಕ್ಕದಲ್ಲಿದ್ದು ತಮ್ಮೊಳಗೇ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುವುದರಿಂದ ಸಿಲಿಕಾಗೆ ಅಷ್ಟಾಗಿ ಅಂಟುವುದಿಲ್ಲ. ನಡುವೆ ಸ್ವಲ್ಪ ಮೆಟಾ. ಕೆಳಗೆ ದಟ್ಟವಾಗಿ ಪ್ಯಾರಾ. ಒಳಗೇ ಬಂಧ ಕಟ್ಟಿಕೊಳ್ಳುವ ಅದೇ ಗುಣದಿಂದ ಆರ್ಥೋ ಹಬೆಯೊಂದಿಗೆ ಹಾರುತ್ತದೆ. ಹಬೆ ಬಟ್ಟಿಯಲ್ಲಿ ಅದನ್ನು ಕಳೆದು, ಉಳಿದದ್ದನ್ನು ಇದ್ದಿಲ ಪುಡಿಯೊಂದಿಗೆ ಕುದಿಸಿ ಸೋಸಿ ಹರಳುಗಟ್ಟಿಸಿದಾಗ 146 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಹರಳು ಸಿಕ್ಕಿತು. ಅವರಿಗೆ ಬೇಕಾಗಿದ್ದ ವಸ್ತು ಕೊಳೆಯೆಂದು ಸೋಸಿಟ್ಟ ಕಾಗದದ ಮೇಲೆಯೇ ಇತ್ತು.

ಹೀಗಾದದ್ದು ಆಕಸ್ಮಿಕವಲ್ಲ, ಅಮೈನ್‌ಗಳ ಗುಣದಿಂದಲೇ ಆದದ್ದು. ಮೆಟಾ ನೈಟ್ರೋಅನಿಲೀನ್‌ನ ಸಂಯುಗ್ಮ ಆಮ್ಲದ (ಪ್ರೋಟಾನ್ ಹಿಡಿದ ರೂಪದ) ಪಿಕೆಎ ಸುಮಾರು 2.5, ಪ್ಯಾರಾದ್ದು 1.0, ಆರ್ಥೋದ್ದು ಸೊನ್ನೆಗೂ ಕೆಳಗೆ, -0.3ರ ಹತ್ತಿರ. ಬಹಳ ಆಮ್ಲ ಇರುವಾಗ ಮೆಟಾ ಮತ್ತು ಪ್ಯಾರಾ ಲವಣಗಳಾಗಿ ನೀರಿನಲ್ಲಿ ಕರಗಿರುತ್ತವೆ. ಆಮ್ಲವನ್ನು ಇಳಿಸುತ್ತ ಬಂದರೆ ಅತಿ ದುರ್ಬಲ ಪ್ರತ್ಯಾಮ್ಲ ಮೊದಲು ಪ್ರೋಟಾನ್ ಬಿಟ್ಟು ಒತ್ತರವಾಗುತ್ತದೆ, ಬಲವಾದದ್ದು ಕೊನೆಗೆ. ಪಿಎಚ್ 1.75ರಲ್ಲಿ ಪ್ಯಾರಾದ ಸುಮಾರು 85 ಪ್ರತಿಶತ ಪ್ರೋಟಾನ್ ಬಿಟ್ಟಿರುತ್ತದೆ, ಮೆಟಾದ 15 ಪ್ರತಿಶತ ಮಾತ್ರ. ಪಿಎಚ್ ಕಾಗದ 1 ಮತ್ತು 2ರ ನಡುವೆ ತೋರಿಸುತ್ತಿದ್ದಾಗ ಸೋಸಿದ ಗುಂಪು, ತನಗರಿವಿಲ್ಲದೆಯೇ ಎರಡು ಅಮೈನ್‌ಗಳನ್ನು ಬೇರ್ಪಡಿಸಲು ತಕ್ಕ ಬಿಂದುವಿನಲ್ಲಿ ಸೋಸಿತ್ತು.

ಹಾಗಾದರೆ ಒಂದೇ ನೈಟ್ರೋ ಗುಂಪು ಪ್ಯಾರಾದಲ್ಲಿ ಕೂತಾಗ ಅಮೈನ್ ಅನ್ನು ಮೆಟಾಗಿಂತ ಇಷ್ಟು ಹೆಚ್ಚು ದುರ್ಬಲಗೊಳಿಸುವುದು ಏಕೆ? ಬದಲಿ ಗುಂಪಿನ ಪರಿಣಾಮವನ್ನು ಅಂಕಿಯಲ್ಲಿ ಹೇಳಲು ರಸಾಯನಶಾಸ್ತ್ರಜ್ಞ ಹ್ಯಾಮೆಟ್ 1937ರಲ್ಲಿ ಕೊಟ್ಟ ಸಮೀಕರಣವನ್ನು ಅಧ್ಯಾಪಕಿ ಇಲ್ಲಿ ಬಳಸಿದರು. ಬೆಂಜೋಯಿಕ್ ಆಮ್ಲಗಳಿಂದ ಪಡೆದ ನೈಟ್ರೋ ಗುಂಪಿನ ಸಿಗ್ಮಾ ಬೆಲೆ (ಗುಂಪು ಎಲೆಕ್ಟ್ರಾನ್ ಎಳೆಯುವ ಬಲ) ಮೆಟಾದಲ್ಲಿ 0.71, ಪ್ಯಾರಾದಲ್ಲಿ 0.78, ಎರಡರ ನಡುವೆ ಅಂತರ ಅಲ್ಪ. ಅನಿಲಿನಿಯಂ ಅಯಾನುಗಳಿಗೆ ರೋ ಬೆಲೆ (ಆ ಎಳೆತಕ್ಕೆ ಪಿಕೆಎ ಎಷ್ಟು ಸ್ಪಂದಿಸುತ್ತದೆ ಎಂಬುದು) ಸುಮಾರು 2.9. ಲೆಕ್ಕ ಹಾಕಿದರೆ ಮೆಟಾದ ಪಿಕೆಎ 2.5 ಬರುತ್ತದೆ, ಅಳತೆಗೆ ಸರಿಹೊಂದುತ್ತದೆ. ಪ್ಯಾರಾದ ಲೆಕ್ಕ 2.3 ಎನ್ನುತ್ತದೆ, ಅಳತೆ 1.0 ಎನ್ನುತ್ತದೆ. ತಪ್ಪಿದ ಈ ಅಂಕಿಯೇ ಇಲ್ಲಿ ಅರ್ಥಪೂರ್ಣ: ಪ್ಯಾರಾದಲ್ಲಿರುವ ನೈಟ್ರೋ ಗುಂಪು ಬರೀ ದೂರದಿಂದ ಎಳೆಯುವುದಿಲ್ಲ, ಅನುರಣನದ ಮೂಲಕ ಅಮೈನೋ ಗುಂಪಿನ ಒಂಟಿ ಜೋಡಿಗೆ ನೇರವಾಗಿ ಕೈ ಹಾಕುತ್ತದೆ. ಮೆಟಾ ಸ್ಥಾನದಿಂದ ಆ ದಾರಿ ಇಲ್ಲ. ಆದ್ದರಿಂದಲೇ ಇಂಥ ಸಂದರ್ಭಗಳಿಗೆ ಪ್ಯಾರಾ ನೈಟ್ರೋಗೆ 1.27 ಎಂಬ ಬೇರೆ ಸಿಗ್ಮಾ ಬೆಲೆಯನ್ನು ಬಳಸುತ್ತಾರೆ. ಬಟ್ಟೆಯ ಪ್ರಯೋಗದ ದಿನ ‘ಪ್ಯಾರಾ ನೈಟ್ರೋಅನಿಲೀನ್’ ಸಾರರಿಕ್ತ ಆಮ್ಲದಲ್ಲಿ ಸಲೀಸಾಗಿ ಕರಗಿದ್ದು ಅನುಮಾನ ಹುಟ್ಟಿಸಬೇಕಿತ್ತು. ನಿಜವಾದ ಪ್ಯಾರಾ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಹೆಚ್ಚು ಬಲದ ಆಮ್ಲವನ್ನೂ ಬಿಸಿಯನ್ನೂ ಕೇಳುತ್ತದೆ.

ಮರಳಿ ಮೂರು ಹಂತದ ದಾರಿಗೆ

ಅನ್‌ಹೈಡ್ರೈಡ್ ಇಲ್ಲದೆಯೂ ಅಸಿಟನಿಲೈಡ್ ಮಾಡಬಹುದು. ಅನಿಲೀನ್ ಅನ್ನು ಗ್ಲೇಶಿಯಲ್ ಅಸಿಟಿಕ್ ಆಮ್ಲ ಮತ್ತು ಚಿಟಿಕೆ ಸತುವಿನ ಪುಡಿಯೊಂದಿಗೆ ರಿಫ್ಲಕ್ಸ್‌ಗೆ (ಆವಿ ತಣಿದು ಮರಳಿ ಬೀಳುವಂತೆ ಕುದಿಸಲು) ಇಟ್ಟರೆ ಆಯಿತು. ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೇ. ಈ ವಿಧಾನ ಮೊದಲ ದಿನವೇ ಚರ್ಚೆಗೆ ಬಂದು ‘ತಡವಾಗುತ್ತದೆ’ ಎಂದು ಬಿಟ್ಟುಹೋಗಿತ್ತು.

ಅಸಿಟನಿಲೈಡ್ ಅನ್ನು ಅಸಿಟಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಕರಗಿಸಿ, 10 ಡಿಗ್ರಿ ದಾಟದಂತೆ ನೈಟ್ರೀಕರಿಸಿದರು. ಇಲ್ಲಿ ಟಾರ್ ಕಾಣಲಿಲ್ಲ. ಅಮೈಡ್‌ನ ನೈಟ್ರೋಜನ್ ಪ್ರೋಟಾನ್ ಹಿಡಿದು ಅನಿಲಿನಿಯಂನಂತೆ ಬದಲಾಗುವುದಿಲ್ಲ. ಅದರ ಒಂಟಿ ಜೋಡಿಯಲ್ಲಿ ಒಂದು ಪಾಲು ಕಾರ್ಬೊನಿಲ್ ಕಡೆ ಹೋದರೂ ಉಳಿದದ್ದು ಉಂಗುರವನ್ನು ಪ್ಯಾರಾ ದಾರಿಯಲ್ಲಿ ನಡೆಸಲು ಸಾಕು. ಹೊದಿಕೆಯ ಗಾತ್ರ ಆರ್ಥೋ ಸ್ಥಾನಕ್ಕೆ ಅಡ್ಡ ಬರುತ್ತದೆ. ಅಲ್ಪಸ್ವಲ್ಪ ಆದ ಆರ್ಥೋ ಆಲ್ಕೋಹಾಲಿನಲ್ಲಿ ಹೆಚ್ಚು ಕರಗುವುದರಿಂದ ಹರಳುಗಟ್ಟಿಸುವಾಗ ದ್ರವದಲ್ಲೇ ಉಳಿಯುತ್ತದೆ. ಸಿಕ್ಕ ಪ್ಯಾರಾ ನೈಟ್ರೋಅಸಿಟನಿಲೈಡ್ 214 ಡಿಗ್ರಿಯಲ್ಲಿ ಕರಗಿತು.

70 ಪ್ರತಿಶತ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿಸಿ ಹೊದಿಕೆ ತೆಗೆಯುವಾಗ, ಕೆಲಸ ಮುಗಿಯಿತೇ ಎಂದು ತಿಳಿಯಲು ವಿದ್ಯಾರ್ಥಿಗಳೇ ಒಂದು ಪರೀಕ್ಷೆ ಸೂಚಿಸಿದರು: ಕೆಲವು ಹನಿ ತೆಗೆದು ಸ್ವಲ್ಪ ನೀರಿಗೆ ಹಾಕುವುದು. ಹೊದಿಕೆ ಉಳಿದಿದ್ದರೆ ಅಮೈಡ್ ಕರಗದೆ ಬಿಳಿಚಿಕೊಳ್ಳಬೇಕು. ಹೋಗಿದ್ದರೆ ಅಮೈನ್ ಲವಣವಾಗಿ ತಿಳಿಯಾಗಿರಬೇಕು. ಪಠ್ಯದ ಎರಡು ಅಧ್ಯಾಯಗಳು ಅವರ ತಲೆಯಲ್ಲಿ ಒಂದಾಗಿವೆ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ಕೊನೆಯ ಹರಳು 147ರಲ್ಲಿ ಕರಗಿತು, ಬಟ್ಟೆ ಕೆಂಪಾಯಿತು. ಪ್ರದರ್ಶನದಲ್ಲಿ ಕೆಂಪು ಮತ್ತು ಕಿತ್ತಳೆ ಎರಡೂ ಬಟ್ಟೆಗಳನ್ನು ಪಕ್ಕಪಕ್ಕದಲ್ಲಿ ನೇತುಹಾಕಿ, ನೈಟ್ರೋ ಗುಂಪಿನ ಸ್ಥಾನವನ್ನಷ್ಟೇ ಬೇರೆಯಾಗಿ ತೋರಿಸುವ ಎರಡು ಚಿತ್ರಗಳನ್ನು ಕೆಳಗೆ ಅಂಟಿಸಿದ್ದರು.

ಪ್ರಕರಣದ ನಂತರ

ವಿಭಾಗವು ಮೂರು ಬದಲಾವಣೆ ಮಾಡಿಕೊಂಡಿತು. ಯಾವ ಉತ್ಪನ್ನವನ್ನೂ ಕರಗುವ ಬಿಂದು ಬರೆಯದೆ ಮುಂದಿನ ಹಂತಕ್ಕೆ ಒಯ್ಯುವಂತಿಲ್ಲ. ಕಾಗದ ಎಸೆಯದ ಅಟೆಂಡರ್ ಅವರ ರೂಢಿ ಈಗ ಬರಹದ ನಿಯಮ. ನೈಟ್ರೋಅನಿಲೀನ್‌ಗಳು ಚರ್ಮದ ಮೂಲಕವೂ ದೇಹ ಸೇರಿ ರಕ್ತದ ಹಿಮೋಗ್ಲೋಬಿನ್ ಅನ್ನು ಆಮ್ಲಜನಕ ಸಾಗಿಸಲಾಗದ ಮೆಟ್‌ಹಿಮೋಗ್ಲೋಬಿನ್ ಆಗಿ ಬದಲಿಸಬಲ್ಲವಾದ್ದರಿಂದ, ಬೆರಳಿನ ಹಳದಿ ಕಲೆಯನ್ನು ಹೆಮ್ಮೆಯಿಂದ ತೋರಿಸಿಕೊಳ್ಳುವ ಹಳೆಯ ಚಾಳಿಗೆ ಕೈಗವಸು ಕಡ್ಡಾಯವಾಗಿ ತೆರೆ ಬಿತ್ತು. 1886ರಲ್ಲಿ ಜ್ವರದ ಮದ್ದಾಗಿ ಬಳಕೆಗೆ ಬಂದ ಅಸಿಟನಿಲೈಡ್ ಕೂಡ ಇದೇ ದೋಷದಿಂದ ಮೂಲೆ ಸೇರಿತು. ದೇಹದೊಳಗೆ ಅದರಿಂದ ಹುಟ್ಟುವ ಪ್ಯಾರಸಿಟಮಾಲ್ ನಮ್ಮೆಲ್ಲರ ಮನೆಯಲ್ಲಿ ಉಳಿದಿದೆ.

ಒಂದು ಪ್ರಶ್ನೆಯನ್ನು ಗುಂಪು ಕೊನೆಗೆ ಎತ್ತಿತು: ಅನಿಲೀನ್ ಪೂರ್ತಿ ಅನಿಲಿನಿಯಂ ಆಗಿದ್ದರೆ 51 ಪ್ರತಿಶತ ಪ್ಯಾರಾ ಎಲ್ಲಿಂದ? ಕಣದಷ್ಟು ಉಳಿದ ಮುಕ್ತ ಅನಿಲೀನ್ ಅತಿ ವೇಗವಾಗಿ ವರ್ತಿಸುತ್ತದೆಂಬುದು ತರಗತಿಯಲ್ಲಿ ಸಾಮಾನ್ಯವಾಗಿ ಕೊಡುವ ಉತ್ತರ. ಅದು ಪೂರ್ತಿ ಉತ್ತರವಲ್ಲ. ಬ್ರಿಕ್‌ಮನ್ ಮತ್ತು ರಿಡ್ 1965ರಲ್ಲಿ ಪ್ರಕಟಿಸಿದ ಕೆಲಸದಂತೆ, 98 ಪ್ರತಿಶತ ಸಲ್ಫ್ಯೂರಿಕ್ ಆಮ್ಲದಲ್ಲಿ ಅನಿಲಿನಿಯಂ ಅಯಾನೇ ಸುಮಾರು 62 ಪ್ರತಿಶತ ಮೆಟಾ ಜೊತೆಗೆ 38 ಪ್ರತಿಶತ ಪ್ಯಾರಾ ಕೊಡುತ್ತದೆ. ಪ್ರೋಟಾನ್ ಬದಲು ಮೂರೂ ಕಡೆ ಮೀಥೈಲ್ ಇರುವ, ಒಂಟಿ ಜೋಡಿ ಮರಳಿ ಪಡೆಯುವ ಸಾಧ್ಯತೆಯೇ ಇಲ್ಲದ ಟ್ರೈಮೀಥೈಲ್ ಅನಿಲಿನಿಯಂ ಕೂಡ 11 ಪ್ರತಿಶತ ಪ್ಯಾರಾ ಕೊಡುತ್ತದೆ. ಮೆಟಾ ದಾರಿ ತೋರುವ ಗುಂಪು ಪ್ಯಾರಾವನ್ನು ಪೂರ್ತಿ ಮುಚ್ಚುವುದಿಲ್ಲ. ಎಲ್ಲ ಸ್ಥಾನಗಳನ್ನೂ ಮಂಕುಗೊಳಿಸಿ, ಮೆಟಾವನ್ನು ತುಸು ಕಡಿಮೆ ಮಂಕುಗೊಳಿಸುತ್ತದೆ. ಆಮ್ಲದ ಬಲವನ್ನು ಹೆಚ್ಚುಕಡಿಮೆ ಮಾಡಿ ಮೆಟಾ–ಪ್ಯಾರಾ ಪಾಲು ಹೇಗೆ ಸರಿಯುತ್ತದೆಂದು ನೋಡುವ ಕೆಲಸವನ್ನು ಮುಂದಿನ ತಂಡಕ್ಕೆ ಯೋಜನೆಯಾಗಿ ಕೊಡಲಾಗಿದೆ. ಬೇರ್ಪಡಿಸುವ ವಿಧಾನವಾಗಿ ಪಿಎಚ್ ಏರಿಸುತ್ತ ಎರಡು ಬಾರಿ ಸೋಸುವ ಕ್ರಮವನ್ನೇ ಬರೆದುಕೊಟ್ಟಿದ್ದಾರೆ.